ಸ್ಕಾಟ್‌ಲೆಂಡ್‌ಗೆ ಹೊರಟ ಆಟಪ್ರಿಯರು ಯಾವ ಊರು ಹಿಡಿಯಬೇಕು?

ಕೆಲವರಿಗೆ ಸ್ಕಾಟ್‌ಲೆಂಡಿನ ಎರಡು ಮೂರು ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿರುತ್ತದೆ. ಇನ್ನು ಕೆಲವರದು ಮನೆಯಿಂದಲೇ ಮಾಡುವ ಕೆಲಸ, ಯಾವ ಊರಲ್ಲಿದ್ದರೂ ನಡೆಯುತ್ತದೆ. ಇಂಥವರಿಗೆ ಎಲ್ಲರೂ ಬಾಡಿಗೆ, ಚಳಿ, ಕೆಲಸದ ಅವಕಾಶದ ಲೆಕ್ಕ ಹೇಳುತ್ತಾರೆ. ಆಟದ ಲೆಕ್ಕ ಯಾರೂ ಹೇಳುವುದಿಲ್ಲ. ವಾರಕ್ಕೊಂದು ಸಂಜೆ ಬೋರ್ಡ್ ಗೇಮ್ ಆಡಲೇಬೇಕು ಎನ್ನುವವರಿದ್ದಾರೆ. ಮಿನಿಯೇಚರ್ ಎಂಬ ಪುಟ್ಟ ಸೈನಿಕ ಬೊಂಬೆಗಳಿಗೆ ಬಣ್ಣ ಹಚ್ಚಿ ಯುದ್ಧಕ್ಕೆ ನಿಲ್ಲಿಸುವವರು, ಮ್ಯಾಜಿಕ್ ಅಥವಾ ಪೋಕೆಮಾನ್ ಕಾರ್ಡ್ ಆಡುವವರು, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಒಂದೇ ಕಥೆಯಲ್ಲಿ ತಿಂಗಳುಗಟ್ಟಲೆ ಮುಳುಗುವವರು, ರಾತ್ರಿ ಪಿಸಿ ಮುಂದೆ ಕೂರುವವರು ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಈ ಲೆಕ್ಕ ಯಾಕೆ ಮುಖ್ಯ ಅಂದರೆ, ಊರಲ್ಲಿ ಚೌಕಾಬಾರ, ಕೇರಂ ಆಡಲು ಜನ ಹುಡುಕುವ ಕಷ್ಟ ನಮಗಿರಲಿಲ್ಲ. ಮನೆ ತುಂಬ ಜನ ಇರುತ್ತಿದ್ದರು. ಅಲ್ಲಿ ನೀವು ಒಬ್ಬರೇ. ನವೆಂಬರ್ ಬಂತೆಂದರೆ ಐದು ಗಂಟೆಯೊಳಗೇ ಕತ್ತಲೆ. ಡಿಸೆಂಬರ್‌ನಲ್ಲಿ ಎಡಿನ್‌ಬರದಲ್ಲಿ ಮಧ್ಯಾಹ್ನ ಮೂರೂಮುಕ್ಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಹಗಲು ಏಳು ಗಂಟೆಯಷ್ಟೇ. ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ನಿಮಗಾಗಿ ಕಾಯುವ ನಾಲ್ಕು ಜನ ಇದ್ದರೆ ಹೊಸ ದೇಶ ಬೇಗ ನಿಮ್ಮದಾಗುತ್ತದೆ.

ಯಾವುದನ್ನು ನೋಡಬೇಕು

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಊರಿನ ಹೆಸರು, ಅಲ್ಲಿ ಯಾವ ದೊಡ್ಡ ಗೇಮ್ ಕಂಪನಿ ಇದೆ, ವರ್ಷಕ್ಕೊಮ್ಮೆ ಯಾವ ಜಾತ್ರೆ ನಡೆಯುತ್ತದೆ ಎನ್ನುವುದಕ್ಕಿಂತ ವಾರದ ನಡುವಿನ ಒಂದು ಸಂಜೆ ಹೇಗೆ ಕಳೆಯುತ್ತದೆ ಎನ್ನುವುದು ದೊಡ್ಡದು. ಬುಧವಾರ ಕೆಲಸ ಮುಗಿಸಿ ಏಳರೊಳಗೆ ಟೇಬಲ್ ತಲುಪಬೇಕು. ಹತ್ತೂವರೆವರೆಗೆ ಆಡಬೇಕು. ಹನ್ನೊಂದರ ಸುಮಾರಿಗೆ ಮನೆಯಲ್ಲಿರಬೇಕು. ಇದು ವಾರ ವಾರವೂ ಸುಸ್ತಿಲ್ಲದೆ ಆಗುವಂತಿದ್ದರೆ ಆ ಊರು ನಿಮಗೆ ಸರಿ.

ಇದರಿಂದ ಮೂರು ಪ್ರಶ್ನೆ ಹುಟ್ಟುತ್ತವೆ. ನಿಮ್ಮ ಆಟವನ್ನು ಆಡುವ ಜನ ಅಲ್ಲಿ ಸಾಕಷ್ಟಿದ್ದಾರಾ? ರಾತ್ರಿ ವಾಪಸ್ ಬರಲು ಬಸ್ಸೋ ರೈಲೋ ಇದೆಯಾ? ಬಾಡಿಗೆ ಕೊಟ್ಟ ಮೇಲೆ ಆಟಕ್ಕೆ ದುಡ್ಡು, ಮನೆಯಲ್ಲಿ ಆಟಕ್ಕೆ ಜಾಗ ಉಳಿಯುತ್ತಾ?

ಮೊದಲ ಪ್ರಶ್ನೆಯಲ್ಲಿ "ನಿಮ್ಮ ಆಟ" ಎನ್ನುವ ಮಾತಿಗೆ ಒತ್ತು ಕೊಡಿ. ಬೋರ್ಡ್ ಗೇಮ್‌ಗೆ ಜನ ಎಲ್ಲ ಊರಲ್ಲೂ ಸಿಗುತ್ತಾರೆ, ನಾಲ್ಕು ಜನ ಸೇರಿದರೆ ಸಾಕು. ಕಾರ್ಡ್ ಆಟಕ್ಕೆ ಪಂದ್ಯ ನಡೆಸುವ ಅಂಗಡಿಯೂ ಬೇಕು, ಎದುರಾಳಿಗಳೂ ಬೇಕು. ಒಂದೇ ಊರಲ್ಲಿ ಎರಡು ಮೂರು ಅಂಗಡಿ ಇದ್ದರೆ ಆಟ ಬೆಳೆಯುತ್ತದೆ. ಮಿನಿಯೇಚರ್ ಯುದ್ಧದಾಟಕ್ಕೆ ದೊಡ್ಡ ಟೇಬಲ್, ಗುಡ್ಡ ಕಟ್ಟಡಗಳ ಸೆಟ್ಟು, ಅದನ್ನೆಲ್ಲ ಇಡಲು ಜಾಗ ಬೇಕು. ವಾರ್‌ಹ್ಯಾಮರ್ 40,000 ಆಟದ ಸಾಮಾನ್ಯ ಪಂದ್ಯಕ್ಕೆ 60 ಇಂಚು ಉದ್ದ, 44 ಇಂಚು ಅಗಲದ ಜಾಗ ಹಿಡಿಯುತ್ತದೆ. ಬಾಡಿಗೆ ಮನೆಯ ಹಾಲ್‌ನಲ್ಲಿ ಅದು ಕಷ್ಟ. ಹಾಗಾಗಿ ಈ ಆಟದವರು ಕ್ಲಬ್ಬನ್ನೇ ನಂಬಬೇಕು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ಕಥೆಯಾಟದವರಿಗೆ ಬೇಕಾದದ್ದು ತಪ್ಪದೆ ಬರುವ ಐದು ಜನ, ಮತ್ತು ಆಟ ನಡೆಸುವ ಒಬ್ಬರು. ಆ ಒಬ್ಬರು ಸಿಗುವುದೇ ಎಲ್ಲೆಡೆ ಕಷ್ಟ. ನೀವೇ ನಡೆಸಬಲ್ಲಿರಾದರೆ ಯಾವ ಊರಲ್ಲೂ ನಿಮಗೆ ಒಂದು ವಾರದಲ್ಲಿ ಗುಂಪು ಸಿಗುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ.

ಇಂಟರ್ನೆಟ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಇಲ್ಲಿ ಹೇಳುವ ದೊಡ್ಡ ಊರುಗಳಲ್ಲೆಲ್ಲ ಫೈಬರ್ ಚೆನ್ನಾಗಿ ಹರಡಿದೆ. ಆದರೆ ಒಂದೇ ಬೀದಿಯ ಒಂದು ಕಟ್ಟಡಕ್ಕೆ ಫೈಬರ್ ಇರುತ್ತದೆ, ಪಕ್ಕದ್ದಕ್ಕೆ ಇರುವುದಿಲ್ಲ. ಬಾಡಿಗೆಗೆ ಸಹಿ ಹಾಕುವ ಮೊದಲು ಆ ಮನೆಯ ವಿಳಾಸವನ್ನೇ ಹಾಕಿ ನೋಡಿ. ಹಳೆಯ ಕಲ್ಲಿನ ಮನೆಗಳ ಗೋಡೆ ದಪ್ಪ, ವೈಫೈ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಸೊರಗುತ್ತದೆ. ಉದ್ದದ ಕೇಬಲ್ ಒಂದು ತೆಗೆದುಕೊಳ್ಳಿ. ಬೆಂಗಳೂರಿನ ಗೆಳೆಯರ ಜೊತೆ ಆನ್‌ಲೈನ್ ಆಡುವ ಆಸೆ ಇದ್ದರೆ ಯಾವ ಊರಾದರೂ ಒಂದೇ. ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ಅವರ ರಾತ್ರಿ ಒಂಬತ್ತು ನಿಮ್ಮ ಮಧ್ಯಾಹ್ನ ಮೂರೂವರೆಯೋ ನಾಲ್ಕೂವರೆಯೋ ಆಗುತ್ತದೆ. ಶನಿವಾರ, ಭಾನುವಾರ ಬಿಟ್ಟರೆ ಹೊಂದುವುದಿಲ್ಲ.

ಎಡಿನ್‌ಬರ

ಆಟದ ವೈವಿಧ್ಯಕ್ಕೆ ಎಡಿನ್‌ಬರವನ್ನು ಮೀರಿಸುವುದು ಕಷ್ಟ. ಬಕ್ಲೂ ಬೀದಿಯ ಬ್ಲ್ಯಾಕ್ ಲಯನ್ ಗೇಮ್ಸ್ ಈ ಹವ್ಯಾಸದವರಿಗೆಲ್ಲ ಗೊತ್ತಿರುವ ಹಳೆಯ ಅಂಗಡಿ. ಬೋರ್ಡ್ ಗೇಮ್ ಆಡುತ್ತ ಕಾಫಿ ಕುಡಿಯಲು ಕೆಫೆಗಳಿವೆ. ವಿಶ್ವವಿದ್ಯಾಲಯದ ಕಥೆಯಾಟದ ಸಂಘಕ್ಕೆ ಗೀಸ್ ಎಂದು ಹೆಸರು. ಕನ್‌ಪಲ್ಷನ್ ಎಂಬ ಆಟದ ಸಮ್ಮೇಳನವನ್ನು ಬೆಳೆಸಿದವರು ಈ ಸಂಘದ ವಿದ್ಯಾರ್ಥಿಗಳೇ. ಐತಿಹಾಸಿಕ ಯುದ್ಧದಾಟದವರಿಗೆ ಆಗ್ನೇಯ ಸ್ಕಾಟ್‌ಲೆಂಡ್ ವಾರ್‌ಗೇಮ್ಸ್ ಕ್ಲಬ್ ಇದೆ, ಬೇಸಿಗೆಯ ಕ್ಲೇಮೋರ್ ಪ್ರದರ್ಶನ ನಡೆಸುವುದು ಅವರೇ. ನೆಪೋಲಿಯನ್ ಕಾಲದ ಸೈನ್ಯಕ್ಕೆ ಬಣ್ಣ ಹಚ್ಚುವ ಹವ್ಯಾಸ ನಿಮಗಿದ್ದರೆ ಇಲ್ಲಿ ಮಾತಾಡಲು ಜನ ಸಿಗುತ್ತಾರೆ.

ಚದುರಂಗದವರಂತೂ ಬೇರೆ ಊರು ನೋಡುವ ಅಗತ್ಯವೇ ಇಲ್ಲ ಅನಿಸುತ್ತದೆ. ಎಡಿನ್‌ಬರ ಚೆಸ್ ಕ್ಲಬ್ 1822ರಲ್ಲಿ ಶುರುವಾದದ್ದು, ಇವತ್ತಿಗೂ ಆಲ್ವಾ ಬೀದಿಯಲ್ಲಿ ಅದಕ್ಕೆ ಸ್ವಂತ ಜಾಗ ಇದೆ. ರಾಷ್ಟ್ರೀಯ ಮ್ಯೂಸಿಯಂನಲ್ಲಿ ಲೂಯಿಸ್ ಚದುರಂಗದ ಕಾಯಿಗಳಲ್ಲಿ 11 ಕಾಯಿಗಳಿವೆ. ಸಮುದ್ರದಂತದಲ್ಲಿ, ಅಂದರೆ ವಾಲ್ರಸ್ ಎಂಬ ಪ್ರಾಣಿಯ ಕೋರೆಯಲ್ಲಿ ಕೆತ್ತಿದ ಈ ಕಾಯಿಗಳು 1831ರ ಹೊತ್ತಿಗೆ ಲೂಯಿಸ್ ದ್ವೀಪದಲ್ಲಿ ಸಿಕ್ಕವು. ಹನ್ನೆರಡನೇ ಶತಮಾನದವು ಎನ್ನುತ್ತಾರೆ. ಕಣ್ಣು ಅಗಲಿಸಿ ಕೂತ ಆ ರಾಣಿಯನ್ನು ನೋಡಲು ಟಿಕೆಟ್ಟೂ ಬೇಕಿಲ್ಲ, ಮ್ಯೂಸಿಯಂ ಪ್ರವೇಶ ಉಚಿತ.

ರಾತ್ರಿ ಓಡಾಟದಲ್ಲೂ ಎಡಿನ್‌ಬರ ಮುಂದು. ಲೋಥಿಯನ್ ಬಸ್‌ಗಳು ಸ್ಥಳೀಯ ಆಡಳಿತಗಳ ಒಡೆತನದಲ್ಲಿವೆ. ದಾರಿಗಳು ಜಾಸ್ತಿ, ರಾತ್ರಿ ಬಸ್‌ಗಳೂ ಇವೆ. 2023ರ ಜೂನ್‌ನಿಂದ ಟ್ರಾಮ್ ವಿಮಾನ ನಿಲ್ದಾಣದಿಂದ ಲೀತ್ ದಾಟಿ ನ್ಯೂಹೇವನ್‌ವರೆಗೆ ಓಡುತ್ತಿದೆ. ಆಟ ತಡವಾಯಿತು ಎಂದು ಟ್ಯಾಕ್ಸಿಗೆ ದುಡ್ಡು ಸುರಿಯುವ ಪ್ರಸಂಗ ಇಲ್ಲಿ ಕಡಿಮೆ.

ಹಾಗಾದರೆ ಎಲ್ಲರೂ ಎಡಿನ್‌ಬರಕ್ಕೇ ಹೋಗಬಾರದೇಕೆ? ಬಾಡಿಗೆ. ಸ್ಕಾಟ್‌ಲೆಂಡಿನಲ್ಲೇ ಅತಿ ದುಬಾರಿ ಊರು ಇದು. ಗ್ಲಾಸ್ಗೋದಲ್ಲಿ ಒಬ್ಬರೇ ಒಂದು ಬೆಡ್‌ರೂಮಿನ ಮನೆ ಹಿಡಿಯುವ ಸಂಬಳದಲ್ಲಿ ಇಲ್ಲಿ ಬೇರೆಯವರ ಜೊತೆ ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆ ಸಿಗಬಹುದು, ಅಷ್ಟೇ. ಹಂಚಿಕೊಂಡ ಮನೆಯಲ್ಲಿ ಮೂರು ಜನರ ಫ್ರಿಡ್ಜ್ ಜಾಗಕ್ಕೇ ಜಗಳ ಇರುವಾಗ ನಿಮ್ಮ ಎಪ್ಪತ್ತು ಪೆಟ್ಟಿಗೆ ಆಟಗಳನ್ನು ಎಲ್ಲಿ ಇಡುತ್ತೀರಿ? ಮೇಲಾಗಿ ಆಗಸ್ಟ್ ತಿಂಗಳು. 1947ರಿಂದ ನಡೆಯುತ್ತಿರುವ ಫೆಸ್ಟಿವಲ್‌ಗಳ ಹೊತ್ತಿನಲ್ಲಿ ಊರು ಕಿಕ್ಕಿರಿಯುತ್ತದೆ. ಪಬ್‌ಗಳ ಮೇಲಿನ ಕೋಣೆಗಳು, ಸಭಾಂಗಣಗಳು, ಸಿಕ್ಕ ಸಿಕ್ಕ ಜಾಗವೆಲ್ಲ ನಾಟಕ, ಹಾಸ್ಯದ ಪ್ರದರ್ಶನಗಳಿಗೆ ಹೋಗುತ್ತವೆ. ಅಂಥ ಕೋಣೆಯಲ್ಲಿ ಆಡುವ ಗುಂಪು ಆ ತಿಂಗಳು ಬೇರೆ ಜಾಗ ನೋಡಿಕೊಳ್ಳಬೇಕು. ಸೆಪ್ಟೆಂಬರ್‌ನಲ್ಲಿ ವಿದ್ಯಾರ್ಥಿಗಳು ಬರುವಾಗ ಮನೆ ಹುಡುಕುವುದು ಇನ್ನೂ ಕಷ್ಟ.

ಊರಿನ ಕೋಟೆ, ಕಲ್ಲಿನ ಬೀದಿ ನೋಡಿ ಮನಸೋತು ಸಂಬಳದ ಅರ್ಧಕ್ಕಿಂತ ಜಾಸ್ತಿ ಬಾಡಿಗೆಗೆ ಸುರಿದರೆ ಮೊದಲು ನಿಲ್ಲುವುದು ಹವ್ಯಾಸವೇ. ಸಂಬಳ ಚೆನ್ನಾಗಿದ್ದರೆ, ಇಲ್ಲವೇ ಸೀಟು ಎಡಿನ್‌ಬರದಲ್ಲೇ ಇದ್ದರೆ ಖುಷಿಯಾಗಿ ಹೋಗಿ. ಬಜೆಟ್ ಬಿಗಿಯಿದ್ದರೂ ಎಡಿನ್‌ಬರವೇ ಬೇಕೆಂದರೆ ಫೋರ್ತ್ ನದೀಮುಖದ ಆಚೆಯ ಡನ್‌ಫರ್ಮ್ಲಿನ್ ನೋಡಿ. 2022ರಲ್ಲಿ ಅದಕ್ಕೂ ನಗರದ ಪಟ್ಟ ಸಿಕ್ಕಿದೆ. ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ, ಬಾಡಿಗೆ ಕಡಿಮೆ. ಕೊನೆಯ ರೈಲಿನ ಹೊತ್ತನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳಿ.

ಗ್ಲಾಸ್ಗೋ

ಹೆಚ್ಚಿನವರಿಗೆ ನಾನು ಹೇಳುವ ಊರು ಇದೇ. ಸ್ಕಾಟ್‌ಲೆಂಡಿನ ಅತಿ ದೊಡ್ಡ ಊರು, ಆರು ಲಕ್ಷಕ್ಕೂ ಮೀರಿದ ಜನ. ಸುತ್ತಲಿನ ಪೇಸ್ಲಿ, ಈಸ್ಟ್ ಕಿಲ್‌ಬ್ರೈಡ್, ಹ್ಯಾಮಿಲ್ಟನ್ ಎಲ್ಲ ಸೇರಿದರೆ ಇನ್ನೂ ಎಷ್ಟೋ. ಜನ ಜಾಸ್ತಿ ಇದ್ದಷ್ಟೂ ಅಪರೂಪದ ಆಟಕ್ಕೂ ಆಡುವವರು ಸಿಗುತ್ತಾರೆ. ಊರ ನಡುವೆ ಸ್ಟ್ಯಾಟಿಕ್ ಗೇಮ್ಸ್‌ನಂಥ ಅಂಗಡಿಗಳಿವೆ. ಆಟ, ಕಾಮಿಕ್ಸ್, ಕಾಫಿ ಒಂದೇ ಕಡೆ ಸಿಗುವ ಗೀಕ್ ರಿಟ್ರೀಟ್ ಸರಣಿ ಹುಟ್ಟಿದ್ದೂ ಇಲ್ಲೇ, ಆಮೇಲೆ ಬ್ರಿಟನ್ನಿನ ಬೇರೆ ಊರುಗಳಿಗೆ ಹರಡಿತು. 1451ರಲ್ಲಿ ಶುರುವಾದ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲೂ ಆಟದ ಸಂಘ ಇದೆ. ಕ್ಲೈಡ್ ನದಿಯ ದಡದ ಎಸ್‌ಇಸಿ ಎಂಬ ದೊಡ್ಡ ಸಭಾಂಗಣದಲ್ಲಿ ಕಾಮಿಕ್ಸ್ ಪ್ರಿಯರ ಜಾತ್ರೆಯಾದ ಕಾಮಿಕ್ ಕಾನ್ ನಡೆಯುತ್ತದೆ. ವಿಜ್ಞಾನ ಕಾದಂಬರಿ ಪ್ರಿಯರ ವಿಶ್ವ ಸಮ್ಮೇಳನ 1995, 2005, 2024ರಲ್ಲಿ ಮೂರು ಸಲ ಇದೇ ಊರಿಗೆ ಬಂದಿದೆ.

ಹಳೆಯ ವಿಡಿಯೋ ಗೇಮ್ ಕೂಡಿಡುವವರು ಪೂರ್ವ ಭಾಗದ ಬ್ಯಾರಸ್ ಸಂತೆಗೆ ಹೋಗಬೇಕು. ಶನಿವಾರ, ಭಾನುವಾರ ನಡೆಯುತ್ತದೆ. ಎಲ್ಲ ವಾರವೂ ಸಿಗುತ್ತದೆ ಅಂತಲ್ಲ. ಆದರೆ ಹಳೇ ಸಾಮಾನಿನ ರಾಶಿ ಕೆದಕುವ ಖುಷಿ ಗೊತ್ತಿರುವವರಿಗೆ ಬೆಳಗಿನ ಹೊತ್ತು ಚೆನ್ನಾಗಿ ಕಳೆಯುತ್ತದೆ.

ಗ್ಲಾಸ್ಗೋದ ದೊಡ್ಡ ಲಾಭ ಮನೆ. ಕೆಂಪು ಮತ್ತು ತಿಳಿ ಹಳದಿ ಮರಳುಗಲ್ಲಿನ ಟೆನೆಮೆಂಟ್ ಕಟ್ಟಡಗಳು ಊರ ತುಂಬ ಇವೆ. ಮೂರು ನಾಲ್ಕು ಮಹಡಿ, ಎತ್ತರದ ಚಾವಣಿ, ಹೊರಕ್ಕೆ ಚಾಚಿದ ದೊಡ್ಡ ಕಿಟಕಿಯ ಹಾಲ್. ಆ ಕಿಟಕಿಯ ಹತ್ತಿರ ಆರು ಜನ ಕೂರುವ ಟೇಬಲ್ ಹಾಕಬಹುದು. ಎಷ್ಟೋ ಮನೆಗಳಲ್ಲಿ ಬಾಕ್ಸ್ ರೂಮ್ ಎಂಬ ಸಣ್ಣ, ಕಿಟಕಿಯಿಲ್ಲದ ಕೋಣೆ ಇರುತ್ತದೆ. ಮನೆ ಬಾಡಿಗೆಗೆ ಕೊಡುವವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಆಟದವರಿಗೆ ಅದೇ ನಿಧಿ. ಪಿಸಿ ಅಲ್ಲಿಟ್ಟರೆ ರಾತ್ರಿ ಮಾತಿನ ಸದ್ದು ಪಕ್ಕದ ಮನೆಗೆ ಅಷ್ಟಾಗಿ ಕೇಳುವುದಿಲ್ಲ. ಆಟದ ಪೆಟ್ಟಿಗೆಗಳಿಗೂ ಬಿಸಿಲು ತಾಗುವುದಿಲ್ಲ.

ಟೆನೆಮೆಂಟ್ ಮನೆ ನೋಡಲು ಹೋದಾಗ ಮೂರು ವಿಷಯ ಪರೀಕ್ಷಿಸಿ. ಗೋಡೆ ದಪ್ಪವಿದ್ದರೂ ನೆಲ ಮರದ್ದು, ಕುರ್ಚಿ ಎಳೆದರೆ ಕೆಳಗಿನ ಮನೆಯವರಿಗೆ ಕೇಳುತ್ತದೆ. ರಾತ್ರಿ ಆಟದ ಗುಂಪು ಕರೆಯುವ ಆಸೆಯಿದ್ದರೆ ದಪ್ಪ ಜಮಖಾನೆ ಬೇಕು. ಎರಡನೆಯದು ತೇವ. ಕೆಳಮಹಡಿಯ ಮನೆಗಳ ಗೋಡೆಯ ಮೂಲೆ, ಕಪಾಟಿನ ಹಿಂಭಾಗ ನೋಡಿ. ತೇವ ಇದ್ದರೆ ಕಾರ್ಡ್‌ಗಳು ಬಾಗುತ್ತವೆ, ಪೆಟ್ಟಿಗೆಗಳಿಗೆ ಬೂಷ್ಟು ಹಿಡಿಯುತ್ತದೆ. ಮೂರನೆಯದು ಮಿನಿಯೇಚರ್‌ನವರಿಗೆ: ಬಣ್ಣಕ್ಕೆ ಮೊದಲು ಹಚ್ಚುವ ಪ್ರೈಮರ್ ಸ್ಪ್ರೇ ಎಲ್ಲಿ ಹೊಡೆಯುತ್ತೀರಿ? ಸಾರ್ವಜನಿಕ ಮೆಟ್ಟಿಲ ಹತ್ತಿರ ಹೊಡೆದರೆ ಇಡೀ ಕಟ್ಟಡಕ್ಕೆ ವಾಸನೆ. ಹಿಂದೆ ಎಲ್ಲರಿಗೂ ಸೇರಿದ ಅಂಗಳ ಇರುವ ಕಟ್ಟಡ ಸಿಕ್ಕರೆ ಒಳ್ಳೆಯದು. ಆದರೂ ಮಳೆ, ತೇವದ ಗಾಳಿಯಲ್ಲಿ ಸ್ಪ್ರೇ ಸರಿಯಾಗಿ ಕೂರುವುದಿಲ್ಲ. ಚಳಿಗಾಲದಲ್ಲಿ ಬ್ರಷ್‌ನಲ್ಲಿ ಹಚ್ಚುವ ಪ್ರೈಮರೇ ವಾಸಿ. ಎಡಿನ್‌ಬರದ ಹಳೆಯ ಮನೆಗಳಿಗೂ ಇದೆಲ್ಲ ಹೊಂದುತ್ತದೆ, ಅಲ್ಲಿ ದುಡ್ಡು ಜಾಸ್ತಿ ಅಷ್ಟೇ.

ಓಡಾಟದಲ್ಲಿ ಗ್ಲಾಸ್ಗೋಗೆ ಮಿಶ್ರ ಅಂಕ. 1896ರಲ್ಲಿ ಶುರುವಾದ ಸಬ್‌ವೇ, ಅಂದರೆ ನೆಲದಡಿಯ ರೈಲು, ಒಂದು ಸುತ್ತು, 15 ನಿಲ್ದಾಣ. ವೆಸ್ಟ್ ಎಂಡ್‌ನ ಹಿಲ್‌ಹೆಡ್ ಹತ್ತಿರ ಇದ್ದರೆ ಊರ ನಡುವಿಗೆ ಹತ್ತು ನಿಮಿಷ. ವಾರದ ದಿನಗಳಲ್ಲಿ ರಾತ್ರಿ ತಡವಾಗಿಯೂ ಸಿಗುತ್ತದೆ. ಆದರೆ ಭಾನುವಾರ ಸಂಜೆ ಬೇಗ ಮುಚ್ಚುವುದು ಅದರ ಹಳೆಯ ರೂಢಿ. ಭಾನುವಾರದ ಆಟದ ಗುಂಪು ಸೇರುವ ಮೊದಲು ವೇಳಾಪಟ್ಟಿ ನೋಡಿ. ಉಪನಗರದ ರೈಲುಗಳ ಜಾಲ ಲಂಡನ್ ಬಿಟ್ಟರೆ ಬ್ರಿಟನ್ನಿನಲ್ಲೇ ದೊಡ್ಡದರಲ್ಲೊಂದು. ಮನೆ ಹುಡುಕುವಾಗ ರೈಲು ನಿಲ್ದಾಣಕ್ಕೆ ನಡೆಯುವ ದೂರವನ್ನೇ ಮೊದಲು ನೋಡಿ. ಬಸ್‌ಗಳು ಎಡಿನ್‌ಬರದಷ್ಟು ಚೆನ್ನಾಗಿಲ್ಲ.

ಮಳೆಯಂತೂ ಪಶ್ಚಿಮದಲ್ಲಿ ಪೂರ್ವಕ್ಕಿಂತ ಎಷ್ಟೋ ಜಾಸ್ತಿ. ಪೆಟ್ಟಿಗೆ ಆಟ ಹೊತ್ತು ಹೋಗುವವರು ನೀರು ಒಳಹೋಗದ ಚೀಲಕ್ಕೆ ದುಡ್ಡು ಹಾಕಿ. ಇದು ಸಣ್ಣ ಮಾತಲ್ಲ.

ಇನ್ನೊಂದು ಲಾಭ ಹೇಳಲೇಬೇಕು. ಗ್ಲಾಸ್ಗೋದಿಂದ ಎಡಿನ್‌ಬರಕ್ಕೆ ರೈಲಿನಲ್ಲಿ ಸುಮಾರು 50 ನಿಮಿಷ. ದಿನವಿಡೀ ರೈಲುಗಳಿವೆ, ರಾತ್ರಿ ಹನ್ನೊಂದರ ನಂತರವೂ ಸಿಗುತ್ತದೆ. 2025ರ ಸೆಪ್ಟೆಂಬರ್ 1ರಿಂದ ಸ್ಕಾಟ್‌ರೈಲ್ ಜನದಟ್ಟಣೆ ಹೊತ್ತಿನ ದುಬಾರಿ ದರವನ್ನು ತೆಗೆದುಹಾಕಿದೆ. ಅಂದರೆ ಕೆಲಸ ಮುಗಿಸಿ ಸಂಜೆ ಐದೂವರೆಗೆ ಹೊರಟರೂ ಅದೇ ಟಿಕೆಟ್ ದರ. ಹಾಗಾಗಿ ಗ್ಲಾಸ್ಗೋದಲ್ಲಿದ್ದುಕೊಂಡು ತಿಂಗಳಿಗೊಮ್ಮೆ ಎಡಿನ್‌ಬರದ ಆಟಕ್ಕೆ ಹೋಗುವುದು ಸುಲಭ. ವಾರ ವಾರ ಹೋಗುತ್ತೇನೆ ಎಂದುಕೊಳ್ಳಬೇಡಿ, ಬೇಗ ಸಾಕಾಗುತ್ತದೆ.

ಡಂಡಿ

ಗೇಮಿಂಗ್ ಎಂದ ಕೂಡಲೇ ಸ್ಕಾಟ್‌ಲೆಂಡಿನಲ್ಲಿ ಬರುವ ಹೆಸರು ಡಂಡಿ. ಅದಕ್ಕೆ ಕಾರಣ ಇದೆ. 1980ರ ದಶಕದಲ್ಲಿ ಇಲ್ಲಿನ ಟೈಮೆಕ್ಸ್ ಕಾರ್ಖಾನೆಯಲ್ಲಿ ಝೆಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರ್ ತಯಾರಾಗುತ್ತಿತ್ತು. ಊರಿನ ಎಷ್ಟೋ ಮನೆಗಳಿಗೆ ಕಂಪ್ಯೂಟರ್ ಬಂದು, ಹುಡುಗರು ಪ್ರೋಗ್ರಾಮ್ ಬರೆಯಲು ಕಲಿತರು. ಅವರಲ್ಲಿ ಡೇವಿಡ್ ಜೋನ್ಸ್ ಶುರುಮಾಡಿದ ಡಿಎಂಎ ಡಿಸೈನ್ 1991ರಲ್ಲಿ ಲೆಮ್ಮಿಂಗ್ಸ್, 1997ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೋ ಆಟಗಳನ್ನು ಕೊಟ್ಟಿತು. ಅದೇ 1997ರಲ್ಲಿ ಅಬರ್ಟೇ ವಿಶ್ವವಿದ್ಯಾಲಯ ಕಂಪ್ಯೂಟರ್ ಗೇಮ್‌ಗಳಿಗೇ ಮೀಸಲಾದ ಪದವಿ ತೆರೆಯಿತು. ಜಗತ್ತಿನಲ್ಲೇ ಅಂಥ ಮೊದಲ ಪದವಿ ಎಂದು ಅದಕ್ಕೆ ಹೆಸರು. ಮೈನ್‌ಕ್ರಾಫ್ಟನ್ನು ಕನ್ಸೋಲ್‌ಗಳಿಗೆ ತಂದ 4ಜೆ ಸ್ಟುಡಿಯೋಸ್‌ಗೂ ಡಂಡಿಯೇ ನೆಲೆ. ಪರ್ತ್ ರಸ್ತೆಯ ಹತ್ತಿರ ಕಂಬ ಹತ್ತುವ ಲೆಮ್ಮಿಂಗ್‌ಗಳ ಕಂಚಿನ ಪುಟ್ಟ ಪ್ರತಿಮೆಗಳಿವೆ.

ಇಲ್ಲಿ ಒಂದು ಭೇದ ಮಾಡಿಕೊಳ್ಳಬೇಕು. ಇದೆಲ್ಲ ಆಟ ಮಾಡುವವರ ಊರಿನ ಕಥೆ. ಆಡುವವರಿಗೆ ಇದರಿಂದ ನೇರ ಲಾಭ ಏನೂ ಇಲ್ಲ. ಗ್ರ್ಯಾಂಡ್ ಥೆಫ್ಟ್ ಆಟೋ ಮಾಡಿದ ಆ ಕಂಪನಿಯೇ ಎಡಿನ್‌ಬರಕ್ಕೆ ಹೋಗಿ ರಾಕ್‌ಸ್ಟಾರ್ ನಾರ್ತ್ ಆಗಿದೆ. ಅದು ಎಡಿನ್‌ಬರದಲ್ಲಿ ಇರುವುದರಿಂದ ನಿಮ್ಮ ಬುಧವಾರದ ಆಟಕ್ಕೆ ಒಬ್ಬ ಜೊತೆಗಾರ ಹೆಚ್ಚು ಸಿಗುತ್ತಾನಾ? ಇಲ್ಲ, ಅಲ್ವಾ? ಸ್ಟುಡಿಯೋ ಹೆಸರು ನೋಡಿ ಊರು ಆರಿಸಬೇಡಿ.

ಆದರೆ ಹವ್ಯಾಸ ಮುಂದೆ ಕೆಲಸವಾಗಲಿ ಎಂಬ ಆಸೆ ಇದ್ದರೆ ಮಾತು ಬೇರೆ. ಆಗ ಡಂಡಿಯೇ ಮೊದಲು. ಒಂದೂವರೆ ಲಕ್ಷದಷ್ಟು ಜನರ ಊರಿನಲ್ಲಿ ವಿದ್ಯಾರ್ಥಿ, ಅಧ್ಯಾಪಕ, ಸಣ್ಣ ಸ್ಟುಡಿಯೋದವರು ಒಂದೇ ಕಾಫಿ ಅಂಗಡಿಯಲ್ಲಿ ಸಿಗುತ್ತಾರೆ. ವಾರಾಂತ್ಯ ಪೂರ್ತಿ ಕೂತು ಒಂದು ಆಟ ಕಟ್ಟುವ ಗೇಮ್ ಜಾಮ್‌ಗಳು ನಡೆಯುತ್ತವೆ. ನೀವು ಮಾಡಿದ ಅರೆಬರೆ ಆಟವನ್ನು ಆಡಿ ನೋಡಿ, ಎಲ್ಲಿ ಕುಂಟುತ್ತಿದೆ ಎಂದು ಹೇಳಬಲ್ಲವರು ಇಲ್ಲಿ ಸಿಗುತ್ತಾರೆ. ಈ ಸೌಕರ್ಯ ದೊಡ್ಡ ಊರುಗಳಲ್ಲಿ ಇಷ್ಟು ಸುಲಭವಲ್ಲ.

ಬಾಡಿಗೆ ಎಡಿನ್‌ಬರ, ಗ್ಲಾಸ್ಗೋ ಎರಡಕ್ಕಿಂತ ಸಾಕಷ್ಟು ಕಡಿಮೆ. ಊರ ನಡುವಿನಲ್ಲಿ ಮನೆ ಹಿಡಿದರೆ ಎಲ್ಲಕ್ಕೂ ನಡೆದೇ ಹೋಗಬಹುದು, ಬಸ್ಸಿನ ಚಿಂತೆಯೇ ಇಲ್ಲ. ರಾತ್ರಿ ಹನ್ನೊಂದೂವರೆಗೆ ಆಟ ಮುಗಿದರೂ ಕಾಲು ಗಂಟೆಯಲ್ಲಿ ಮನೆ. ಸ್ಕಾಟ್‌ಲೆಂಡಿನ ಅತಿ ಬಿಸಿಲಿನ ಊರು ಎಂಬ ಹೆಸರೂ ಡಂಡಿಗಿದೆ, ಪೂರ್ವ ತೀರದ ಸಮುದ್ರದ ಮಂಜು ಆಗಾಗ ಬಂದು ಮುಚ್ಚಿದರೂ ಸಹ. ಕೊರತೆ ಒಂದೇ, ಜನ. ಬೋರ್ಡ್ ಗೇಮ್, ಕಥೆಯಾಟಕ್ಕೆ ಗುಂಪು ಸಿಗುತ್ತದೆ. ಆದರೆ ಅಪರೂಪದ ಮಿನಿಯೇಚರ್ ಆಟವೊಂದನ್ನೇ ಹಿಡಿದು ಕೂತವರಿಗೆ ಅದೇ ಇಬ್ಬರು ಎದುರಾಳಿಗಳು ವರ್ಷಪೂರ್ತಿ ಸಿಗಬಹುದು. ಎಡಿನ್‌ಬರಕ್ಕೆ ರೈಲಿನಲ್ಲಿ ಒಂದೂಕಾಲು ಗಂಟೆ, ಗ್ಲಾಸ್ಗೋಗೆ ಸುಮಾರು ಒಂದೂವರೆ. ವಾರಾಂತ್ಯದ ಪಂದ್ಯಕ್ಕೆ ಹೋಗಿ ಬರಬಹುದು, ವಾರದ ಸಂಜೆಗೆ ಆಗುವುದಿಲ್ಲ.

ಸ್ಟರ್ಲಿಂಗ್: ಯುದ್ಧದಾಟದವರು ಒಮ್ಮೆ ನಿಂತು ನೋಡಬೇಕು

ಈ ಪುಟ್ಟ ಊರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜನಸಂಖ್ಯೆ 40 ಸಾವಿರವೂ ಇಲ್ಲ. ಆದರೆ ಕಾಮನ್ ಗ್ರೌಂಡ್ ಗೇಮ್ಸ್ ಇರುವುದು ಇಲ್ಲಿ. ಅದು ಅಂಗಡಿಯೂ ಹೌದು, ಸಾಲುಸಾಲು ಟೇಬಲ್ ಹಾಕಿದ ದೊಡ್ಡ ಆಟದ ಜಾಗವೂ ಹೌದು. ಮಿನಿಯೇಚರ್, ಕಾರ್ಡ್ ಪಂದ್ಯಗಳಿಗೆ ಬೇರೆ ಊರಿನವರು ರೈಲು ಹತ್ತಿ, ಕಾರು ಓಡಿಸಿಕೊಂಡು ಇಲ್ಲಿಗೆ ಬರುತ್ತಾರೆ. ದೊಡ್ಡ ಊರಿನ ನಡುವೆ ಅಷ್ಟು ಜಾಗಕ್ಕೆ ಬಾಡಿಗೆ ಕೊಟ್ಟು ಅಂಗಡಿ ನಡೆಸುವುದು ಕಷ್ಟ. ಸ್ಟರ್ಲಿಂಗ್‌ನಲ್ಲಿ ಸಾಧ್ಯವಾಗಿದೆ.

ಗ್ಲಾಸ್ಗೋ, ಎಡಿನ್‌ಬರ, ಪರ್ತ್ ಮೂರೂ ಇಲ್ಲಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ. ಫಾಲ್ಕರ್ಕ್‌ನಲ್ಲಿ ನಡೆಯುವ ಕ್ಯಾರನೇಡ್ ಯುದ್ಧದಾಟದ ಪ್ರದರ್ಶನವೂ ಹತ್ತಿರ. ಮನೆಯಿಂದ ಕೆಲಸ ಮಾಡುವ, ಮಿನಿಯೇಚರ್ ಆಟವೇ ಪ್ರಾಣ ಎನ್ನುವವರಿಗೆ ಇದು ನನ್ನ ಗಟ್ಟಿ ಸಲಹೆ. ಒಂಟಿಯಾಗಿ ಬರುವ ಇಪ್ಪತ್ತೆರಡರ ವಯಸ್ಸಿನವರಿಗೆ ಮಾತ್ರ ಹೇಳಲಾರೆ. ಆಟದ ಜಾಗ ಬಿಟ್ಟರೆ ಸಂಜೆ ಹೊತ್ತು ಊರು ಬೇಗ ಮಲಗುತ್ತದೆ. ಒಂದೇ ಅಂಗಡಿಯನ್ನು ನಂಬಿ ಊರು ಬದಲಿಸುವುದರಲ್ಲಿ ಅಪಾಯವೂ ಇದೆ. ಆದರೆ ಎರಡು ದೊಡ್ಡ ಊರುಗಳು ಕೈಗೆಟುಕುವಷ್ಟು ಹತ್ತಿರ ಇರುವುದರಿಂದ ಆ ಅಪಾಯ ಕಡಿಮೆ.

ಪಕ್ಕದ ಪರ್ತ್ ಬಗ್ಗೆ ಎರಡೇ ಮಾತು. ಟೇಬಲ್‌ಟಾಪ್ ಸ್ಕಾಟ್‌ಲೆಂಡ್ ಸಮ್ಮೇಳನ 2018ರಲ್ಲಿ ಶುರುವಾದದ್ದು ಅಲ್ಲೇ. ಬೆಳೆದು ದೊಡ್ಡದಾಗಿ ಎಡಿನ್‌ಬರ ವಿಮಾನ ನಿಲ್ದಾಣದ ಹತ್ತಿರದ ರಾಯಲ್ ಹೈಲ್ಯಾಂಡ್ ಸೆಂಟರ್‌ಗೆ ಹೋಯಿತು.

ಅಬರ್ಡೀನ್ ಮತ್ತು ಇನ್ವರ್ನೆಸ್

ಅಬರ್ಡೀನ್ ಎಣ್ಣೆಯ ಊರು. 1970ರ ದಶಕದಿಂದ ನಾರ್ತ್ ಸಮುದ್ರದ ತೈಲದ ದುಡ್ಡಿನಲ್ಲಿ ಬೆಳೆಯಿತು. 2014ರ ನಂತರ ತೈಲ ಬೆಲೆ ಬಿದ್ದಾಗ ಬಾಡಿಗೆಯೂ ಬಿತ್ತು. ಹಾಗಾಗಿ ಇವತ್ತು ಇದೇ ದುಡ್ಡಿಗೆ ಎಡಿನ್‌ಬರಕ್ಕಿಂತ ಎಷ್ಟೋ ದೊಡ್ಡ ಮನೆ ಸಿಗುತ್ತದೆ. ಆಟಕ್ಕೇ ಒಂದು ಕೋಣೆ ಬೇಕು ಎನ್ನುವವರ ಕನಸು ಇಲ್ಲಿ ಸಾಮಾನ್ಯ ಸಂಬಳದಲ್ಲೂ ನನಸಾಗಬಹುದು. ಎರಡು ವಿಶ್ವವಿದ್ಯಾಲಯಗಳಿವೆ, ಕ್ಲಬ್‌ಗಳಿವೆ. ಆದರೆ ದೂರ. ಎಡಿನ್‌ಬರಕ್ಕೆ ರೈಲಿನಲ್ಲಿ ಎರಡೂವರೆ ಗಂಟೆ. ಪ್ರದರ್ಶನ, ಪಂದ್ಯ ಯಾವುದಕ್ಕೆ ಹೋದರೂ ಲಾಡ್ಜ್ ಖರ್ಚು ಸೇರಿಸಿಕೊಳ್ಳಬೇಕು. ಹಾಗಾಗಿ ಮನೆಗೇ ಜನ ಕರೆಯುವವರಿಗೆ, ಪಿಸಿ ಮತ್ತು ಕನ್ಸೋಲ್ ಆಡುವವರಿಗೆ ಅಬರ್ಡೀನ್ ಸರಿ. ಪಂದ್ಯ ಪಂದ್ಯ ಅಂತ ತಿರುಗುವವರಿಗೆ ಬೇಡ.

ಇನ್ವರ್ನೆಸ್ ಸುತ್ತಲಿನ ಬೆಟ್ಟ, ಸರೋವರ ನೋಡಿದರೆ ಹೋಗಿ ನೆಲೆಸಬೇಕೆನಿಸುತ್ತದೆ. ಆಟವನ್ನೇ ಮುಂದಿಟ್ಟುಕೊಂಡರೆ ನಾನು ಬೇಡ ಎನ್ನುತ್ತೇನೆ. ದಕ್ಷಿಣದ ದೊಡ್ಡ ಊರುಗಳಿಗೆ ಮೂರೂವರೆ ಗಂಟೆಯ ರೈಲು ದಾರಿ. ಕೆಲಸ ಅಲ್ಲೇ ಸಿಕ್ಕರೆ ಹೋಗಿ. ಆಗ ಗುಂಪು ಕಟ್ಟುವ ಕೆಲಸವನ್ನು ನೀವೇ ಮಾಡಬೇಕಾಗಬಹುದು.

ಹಣ, ಕಾಗದಪತ್ರ, ಮತ್ತು ಹೋಗಿ ನೋಡುವ ಬಗೆ

ಬಜೆಟ್ ಲೆಕ್ಕಕ್ಕೆ ಕೆಲವು ಉಪಯೋಗದ ವಿಷಯ. ಸ್ಕಾಟ್‌ಲೆಂಡಿನಲ್ಲಿ ನೆಲೆಸಿದ 22 ವರ್ಷದೊಳಗಿನವರಿಗೆ 2022ರ ಜನವರಿಯಿಂದ ಬಸ್ ಪ್ರಯಾಣ ಉಚಿತ. ಅದಕ್ಕೆ ಕಾರ್ಡ್ ಮಾಡಿಸಬೇಕು. ಚಿಕ್ಕ ವಯಸ್ಸಿನ ವಿದ್ಯಾರ್ಥಿಗೆ ಇದರಿಂದ ಅಬರ್ಡೀನ್, ಡಂಡಿಯ ದೂರವೂ ಕಡಿಮೆ ಭಾರವಾಗುತ್ತದೆ, ಏಕೆಂದರೆ ಊರಿನಿಂದೂರಿಗೆ ಹೋಗುವ ಬಸ್‌ಗಳಿಗೂ ಅದು ನಡೆಯುತ್ತದೆ. ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಕೌನ್ಸಿಲ್ ತೆರಿಗೆಯ, ಅಂದರೆ ಮನೆಯಲ್ಲಿ ಇರುವವರು ಸ್ಥಳೀಯ ಆಡಳಿತಕ್ಕೆ ಕಟ್ಟುವ ತೆರಿಗೆಯ, ವಿನಾಯಿತಿ ಇದೆ. ಕೆಲಸದವರು ಬಾಡಿಗೆಯ ಜೊತೆ ಆ ತೆರಿಗೆಯನ್ನೂ ಕೂಡಿಸಿ ಊರುಗಳನ್ನು ಹೋಲಿಸಬೇಕು. ಮನೆಗೆ ಕೊಡುವ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿರುವಂತಿಲ್ಲ. ಮಾಲೀಕರು ಅದನ್ನು ಸರ್ಕಾರ ಒಪ್ಪಿದ ಯೋಜನೆಯಲ್ಲಿ ಇಡಬೇಕು. ಬಾಡಿಗೆದಾರರಿಂದ ಏಜೆಂಟರು ಕಮಿಷನ್ ಕೇಳುವುದು ಅಲ್ಲಿ ಕಾನೂನಿಗೆ ವಿರುದ್ಧ. ಹಳೆಯ ಡೀಸೆಲ್ ಕಾರಿನಲ್ಲಿ ಆಟದ ಸೈನ್ಯ ತುಂಬಿಕೊಂಡು ಓಡಾಡುವ ಯೋಚನೆ ಇದ್ದರೆ ಗ್ಲಾಸ್ಗೋ, ಎಡಿನ್‌ಬರ, ಡಂಡಿ, ಅಬರ್ಡೀನ್ ನಾಲ್ಕರ ನಡುಭಾಗಕ್ಕೂ ಕಡಿಮೆ ಹೊಗೆಯ ವಲಯದ ನಿಯಮ ಇದೆ. ನಿಮ್ಮ ಗಾಡಿ ಒಳಗೆ ಬರಬಹುದಾ ಎಂದು ಕೊಳ್ಳುವ ಮೊದಲೇ ನೋಡಿ.

ಊರು ನೋಡಲು ಹೋಗುವ ಅವಕಾಶ ಇದ್ದರೆ ಶನಿವಾರ ಹೋಗಬೇಡಿ, ಎಲ್ಲ ಊರೂ ಶನಿವಾರ ಚೆನ್ನಾಗಿಯೇ ಕಾಣುತ್ತದೆ. ಮಂಗಳವಾರವೋ ಬುಧವಾರವೋ ಹೋಗಿ. ಮೊದಲೇ ಕ್ಲಬ್‌ಗೆ ಬರೆದು, ಹೊಸಬ ಬರುತ್ತಿದ್ದೇನೆ ಎಂದು ತಿಳಿಸಿ. ಬಹಳ ಕಡೆ ಮೊದಲ ಸಂಜೆ ಉಚಿತ ಅಥವಾ ಕೆಲವೇ ಪೌಂಡ್. ಎಷ್ಟೋ ಗುಂಪುಗಳು ಪಬ್‌ನಲ್ಲಿ ಸೇರುತ್ತವೆ. ಕುಡಿಯದವರು ಹಿಂಜರಿಯಬೇಕಿಲ್ಲ, ಕೋಲಾ ಹಿಡಿದು ಕೂತವರು ಪ್ರತಿ ಟೇಬಲ್ಲಿನಲ್ಲೂ ಇರುತ್ತಾರೆ. ಪಬ್‌ನವರು ಜಾಗ ಸುಮ್ನೆ ಕೊಟ್ಟಿರುತ್ತಾರೆ, ಹಾಗಾಗಿ ಏನಾದರೂ ಒಂದು ಕೊಂಡುಕೊಳ್ಳುವುದು ಮರ್ಯಾದೆ. ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆ, ಅಲ್ಲಿನ ಮಾಂಸದ ತಿನಿಸಾದ ಹ್ಯಾಗಿಸ್‌ನ ತರಕಾರಿ ರೂಪ ಸಹ. ಆ ರಾತ್ರಿ ನೀವು ಮನೆ ಹಿಡಿಯಬೇಕೆಂದಿರುವ ಬಡಾವಣೆಗೆ ಬಸ್ಸಿನಲ್ಲೇ ಹೋಗಿ ನೋಡಿ.

ಹೋಗಿ ನೋಡಲು ಆಗದಿದ್ದರೆ ಖಾಸಗಿ ಬಾಡಿಗೆಯ ಕಾನೂನು ನಿಮ್ಮ ಪರ ಇದೆ. 2017ರ ಡಿಸೆಂಬರ್‌ನಿಂದ ಬಂದ ಹೊಸ ಕರಾರಿಗೆ ಕೊನೆಯ ದಿನಾಂಕ ಇರುವುದಿಲ್ಲ, 28 ದಿನದ ನೋಟಿಸ್ ಕೊಟ್ಟು ಮನೆ ಬಿಡಬಹುದು. ಆಟದ ಗುಂಪು ಊರಿನ ಆಚೆ ತುದಿಯಲ್ಲಿ ಸಿಕ್ಕಿದರೆ ಆ ಕಡೆಗೇ ಮನೆ ಬದಲಿಸಬಹುದು. ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಿಗೆ ಮತ್ತು ವಿದ್ಯಾರ್ಥಿಗಳಿಗೆಂದೇ ಕಟ್ಟಿದ ಖಾಸಗಿ ವಸತಿಗಳಿಗೆ ಮಾತ್ರ ಈ ನಿಯಮ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಅಲ್ಲಿ ಇಡೀ ವರ್ಷಕ್ಕೆ ಸಹಿ ಹಾಕುವ ಮೊದಲು ನಕ್ಷೆ ತೆರೆದು, ನಿಮ್ಮ ಆಟದ ಕ್ಲಬ್ಬು ಎಲ್ಲಿದೆ, ರಾತ್ರಿ ಹತ್ತೂವರೆಗೆ ಅಲ್ಲಿಂದ ವಾಪಸ್ ಬರಲು ಯಾವ ಬಸ್ಸಿದೆ ಎಂದು ನೋಡಿಕೊಳ್ಳಿ.